ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ: ಸಭೆಯಾಗಿ ಸಿದ್ಧವಾಗುವ ಬಗೆ

ಲೂಕನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಒಂದೇ ಪ್ರಶ್ನೆ ಮೂರು ಸಲ ಬರುತ್ತದೆ. ಸ್ನಾನಿಕ ಯೋಹಾನ ಯೊರ್ದಾನ್ ಹೊಳೆಯ ಸೀಮೆಯಲ್ಲಿ ಉಪದೇಶ ಮಾಡುತ್ತಿದ್ದಾಗ ಮೊದಲು ಸಾಮಾನ್ಯ ಜನ, ಆಮೇಲೆ ಸುಂಕದವರು, ಕೊನೆಗೆ ಸಿಪಾಯಿಗಳು ಬಂದು ತಾವು ಮಾಡಬೇಕಾದ್ದೇನೆಂದು ಕೇಳುತ್ತಾರೆ. ಯೋಹಾನನ ಉತ್ತರದಲ್ಲಿ ಧ್ಯಾನದ ವಿಧಾನವಿಲ್ಲ, ಜಪದ ಲೆಕ್ಕವಿಲ್ಲ. ಎರಡು ಅಂಗಿ ಇರುವವರು ಇಲ್ಲದವರಿಗೆ ಒಂದನ್ನು ಕೊಡಬೇಕು, ಊಟದ ವಿಷಯವೂ ಹಾಗೆಯೇ ಎಂದು ಜನರಿಗೆ ಹೇಳುತ್ತಾನೆ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದೆಂದು ಸುಂಕದವರಿಗೆ ಹೇಳುತ್ತಾನೆ. ಬೆದರಿಸಿ ದುಡ್ಡು ಕೀಳಬಾರದು, ಸುಳ್ಳು ದೂರು ಹೊರಿಸಬಾರದು, ಬರುವ ಸಂಬಳದಲ್ಲಿ ತೃಪ್ತರಾಗಿರಬೇಕೆಂದು ಸಿಪಾಯಿಗಳಿಗೆ ಹೇಳುತ್ತಾನೆ. ಕಥೋಲಿಕ ದೇವಾಲಯಗಳಲ್ಲಿ ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ಮೂರನೇ ಭಾನುವಾರ ಈ ಭಾಗವನ್ನೇ ಓದುತ್ತಾರೆ. ಕ್ರಿಸ್ಮಸ್‌ಗೆ ಆತ್ಮಿಕವಾಗಿ ಸಿದ್ಧವಾಗುವುದು ಹೇಗೆಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೈಬಲ್ಲಿನಲ್ಲಿ ಸಿಗುವುದು ಕಷ್ಟ. ಸಿದ್ಧತೆಯೆಂದರೆ ಮನಸ್ಸಿನಲ್ಲಿ ಹಿತವಾದ ಒಂದು ಭಾವ ತಂದುಕೊಳ್ಳುವುದೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಯೋಹಾನ ಹೇಳುವುದು ನೆರೆಯವರ ಜೊತೆ ನಮಗಿರುವ ಬಾಕಿ ತೀರಿಸುವ ಮಾತು. ಬಾಕಿ ಇರುವುದು ಇನ್ನೊಬ್ಬರ ಜೊತೆಯಾದ್ದರಿಂದ ಅದು ಒಬ್ಬರೇ ಕೋಣೆಯಲ್ಲಿ ಕೂತು ಮುಗಿಸುವ ಕೆಲಸವಾಗದು. ಸಭೆಯೇ ಕೂಡಿ ಸಿದ್ಧವಾಗಬೇಕು ಎಂಬುದು ಈ ಲೇಖನದ ವಾದ. ಹೇಗೆ ಎಂಬುದನ್ನೂ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಈ ವಾದಕ್ಕೆ ಚರ್ಚಿನ ಇತಿಹಾಸವೇ ಸಾಕ್ಷಿ. ಕ್ರಿ.ಶ. 380ರಲ್ಲಿ ಸ್ಪೇನಿನ ಸಾರಗೋಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ಡಿಸೆಂಬರ್ 17ರಿಂದ ಜನವರಿ 6ರವರೆಗೆ ಯಾರೂ ದೇವಾಲಯ ತಪ್ಪಿಸಬಾರದು, ಮನೆಯೊಳಗೆ ಅಡಗಿರಬಾರದು, ತೋಟಕ್ಕೋ ಬೆಟ್ಟಕ್ಕೋ ಹೋಗಿ ಇರಬಾರದು ಎಂದು ಕಟ್ಟಳೆ ಮಾಡಿತು. ಆಗ ಅಲ್ಲಿ ಕೆಲವರು ಸಭೆಯನ್ನು ಬಿಟ್ಟು ತಮ್ಮಷ್ಟಕ್ಕೆ ತಾವೇ ಕಠಿಣ ವ್ರತ ಹಿಡಿಯುತ್ತಿದ್ದರು. ಅದಕ್ಕೆ ಉತ್ತರವಾಗಿ ಬಂದ ನಿಯಮವಿದು. ಆಗಮನ ಕಾಲದ ತೀರ ಹಳೆಯ ಸುಳಿವು ಇದರಲ್ಲಿದೆ ಎನ್ನುವ ವಿದ್ವಾಂಸರಿದ್ದಾರೆ. ಮುಂದಿನ ಶತಮಾನದ ಕೊನೆಗೆ ಫ್ರಾನ್ಸಿನ ತೂರ್ ನಗರದ ಧರ್ಮಾಧ್ಯಕ್ಷ ಪೆರ್ಪೆತುಸ್ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಗೊತ್ತುಮಾಡಿದ. ಆರನೇ ಶತಮಾನದ ಕೊನೆಯ ಭಾಗದಲ್ಲಿ ಮಕೋನ್ ಸಭೆ ಸೋಮವಾರ, ಬುಧವಾರ, ಶುಕ್ರವಾರಗಳೆಂದು ಆ ದಿನಗಳನ್ನು ಹೆಸರಿಸಿತು. ರೋಮಿನ ಪದ್ಧತಿಯಲ್ಲಿ ಈ ಅವಧಿ ಕ್ರಮೇಣ ನಾಲ್ಕು ಭಾನುವಾರಗಳಿಗೆ ಬಂದು ನಿಂತಿತು. ಪೂರ್ವದ ಸಭೆಗಳ ಕ್ರಮ ಬೇರೆ. ಕೇರಳದ ಸುರಿಯಾನಿ ಕ್ರೈಸ್ತರು ಡಿಸೆಂಬರ್ 1ರಿಂದ ಇಪ್ಪತ್ತೈದು ದಿನದ ನೋಂಬು ಹಿಡಿಯುತ್ತಾರೆ. ಬೆಳ್ತಂಗಡಿ, ಮಂಡ್ಯ ಧರ್ಮಪ್ರಾಂತ್ಯಗಳಿಗೆ ಸೇರಿದ ಸೀರೋ ಮಲಬಾರ್ ಕುಟುಂಬಗಳ ಮೂಲಕ ಆ ನೋಂಬು ಕರ್ನಾಟಕದಲ್ಲೂ ನಡೆಯುತ್ತಿದೆ. ದಿನಗಳ ಲೆಕ್ಕ ಎಲ್ಲೆಡೆ ಒಂದೇ ಅಲ್ಲ, ಆದರೆ ಊರಿಗೆ ಊರೇ ಒಂದೇ ದಿನ ಹಸಿದಿರಬೇಕು, ಒಂದೇ ಕಡೆ ಕೂಡಬೇಕು ಎಂಬುದು ಈ ಕ್ರಮಗಳಲ್ಲೆಲ್ಲ ಕಾಣುತ್ತದೆ. ತಮಗೆ ಅನುಕೂಲವಾದಾಗ ಅನುಕೂಲವಾದಷ್ಟು ಎಂಬ ಮಾತು ಅವುಗಳಲ್ಲಿಲ್ಲ.

ಇಂದಿನ ಡಿಸೆಂಬರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭಾನುವಾರ ಶಾಲೆಯ ಮಕ್ಕಳ ನಾಟಕ, ಯುವಜನರ ಕ್ಯಾರಲ್ ರೌಂಡ್ಸ್, ಮಹಿಳಾ ಮಂಡಳಿಯ ಕೇಕ್ ಮಾರಾಟ, ಗೋದಲಿ ಸ್ಪರ್ಧೆ, ನಕ್ಷತ್ರದ ಸ್ಪರ್ಧೆ, ಗಾಯನ ಮಂಡಳಿಯ ರಾತ್ರಿ ಅಭ್ಯಾಸ, ಇವುಗಳ ನಡುವೆ ಶಾಲೆ, ಕಚೇರಿಗಳ ಕ್ರಿಸ್ಮಸ್ ಕಾರ್ಯಕ್ರಮ. ಇದರಲ್ಲಿ ಒಂದೂ ತಪ್ಪಲ್ಲ. ಬಹುಪಾಲು ಭಕ್ತಿಯಿಂದಲೇ ನಡೆಯುವಂಥವು. ತೊಂದರೆ ಏನೆಂದರೆ, ಇವೆಲ್ಲ ಸೇರಿ ನಾಲ್ಕು ವಾರವನ್ನು ನುಂಗಿಬಿಡುತ್ತವೆ. ಹಬ್ಬವನ್ನು ಚೆನ್ನಾಗಿ ನಡೆಸಲು ದುಡಿದವರೇ ಹಬ್ಬದ ರಾತ್ರಿ ಬಲಿಪೂಜೆಯಲ್ಲಿ ತೂಕಡಿಸುತ್ತಾರೆ. ಒಂದೇ ವೇದಿಕೆಯ ಮೇಲೆ ಹಾಡಿದ ಇಬ್ಬರು ಎರಡು ವರ್ಷದಿಂದ ಮಾತು ಬಿಟ್ಟವರಾಗಿದ್ದರೂ ಅದನ್ನು ಯಾರೂ ವಿಚಾರಿಸುವುದಿಲ್ಲ, ವಿಚಾರಿಸಲು ಬಿಡುವೇ ಇರುವುದಿಲ್ಲ. ಅವಧಿ ಚಿಕ್ಕದು ಬೇರೆ: ಕ್ರಿಸ್ಮಸ್ ಯಾವ ವಾರ ಬೀಳುತ್ತದೆ ಎಂಬುದರ ಮೇಲೆ ಆಗಮನ ಕಾಲ ಇಪ್ಪತ್ತೆರಡು ದಿನದಿಂದ ಇಪ್ಪತ್ತೆಂಟು ದಿನದವರೆಗೆ ಇರುತ್ತದೆ. 2023ರಲ್ಲಿ ಅದು ಶುರುವಾದದ್ದೇ ಡಿಸೆಂಬರ್ 3ಕ್ಕೆ. ನಾಲ್ಕನೇ ಭಾನುವಾರದ ಸಂಜೆಯೇ ಕ್ರಿಸ್ಮಸ್ ಜಾಗರಣೆ ಇತ್ತು. ಇಷ್ಟು ಕಡಿಮೆ ದಿನ ಇರುವಾಗ ಏನನ್ನು ಕೈಬಿಡಬೇಕು ಎಂಬ ತೀರ್ಮಾನವೇ ಮೊದಲ ಸಿದ್ಧತೆ.

ಆದ್ದರಿಂದ ಕೆಲಸ ನವೆಂಬರಿನಲ್ಲೇ, ಪಾಲನಾ ಮಂಡಳಿಯ ಅಥವಾ ಸಭಾ ಸಮಿತಿಯ ಮೀಟಿಂಗಿನಲ್ಲಿ ಶುರುವಾಗಬೇಕು. ಡಿಸೆಂಬರಿನ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಯಾವ ಕಾರ್ಯಕ್ರಮವನ್ನು ಡಿಸೆಂಬರ್ 25ರ ನಂತರಕ್ಕೆ ಹಾಕಬಹುದೆಂದು ನೋಡಬೇಕು. ಪಂಚಾಂಗದ ಪ್ರಕಾರ ಕ್ರಿಸ್ಮಸ್ ಒಂದು ದಿನದ ಹಬ್ಬವಲ್ಲ. ಜ್ಯೋತಿಷಿಗಳ ಭೇಟಿಯ ಹಬ್ಬದವರೆಗೆ, ಕಥೋಲಿಕರಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅದರ ಕಾಲ ಮುಂದುವರಿಯುತ್ತದೆ. ಮಕ್ಕಳ ನಾಟಕ, ವಾರ್ಡುಗಳ ಸ್ನೇಹಕೂಟ, ಗೋದಲಿ ಸ್ಪರ್ಧೆಯ ಬಹುಮಾನ ಇವೆಲ್ಲಕ್ಕೂ ಆ ದಿನಗಳಲ್ಲಿ ಬೇಕಾದಷ್ಟು ಜಾಗವಿದೆ. ಹಾಗೆ ತೆರವಾದ ಸಂಜೆಗಳಲ್ಲಿ ಒಂದನ್ನು ರಾಜಿಗೆ ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ಸಹೋದರನ ಜೊತೆಗಿನ ಜಗಳ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಆಸ್ತಿ ಪಾಲಿನ ತಗಾದೆ, ಸಮಿತಿ ಚುನಾವಣೆಯಲ್ಲಿ ಹುಟ್ಟಿದ ಗುಂಪು, ಮದುವೆಯಲ್ಲಾದ ಅವಮಾನ ಇವು ಯಾವ ಸಭೆಯಲ್ಲೂ ಹೊಸತಲ್ಲ. ಎಲ್ಲವೂ ಒಂದು ಸಂಜೆಯಲ್ಲಿ ತೀರುವುದಿಲ್ಲ. ಗುರುಗಳೋ ಸಭಾಪಾಲಕರೋ ವಾರ್ಡಿನ ಗುರಿಕಾರರ ಜೊತೆ ಮೊದಲ ಎರಡು ವಾರ ಇಂಥ ಮನೆಗಳಿಗೆ ಸದ್ದಿಲ್ಲದೆ ಹೋಗಿ ಬಂದರೆ ಕೆಲವಾದರೂ ತೀರುತ್ತವೆ. ಕಥೋಲಿಕರ ಪಾಪನಿವೇದನೆಯನ್ನೂ ಎರಡನೇ ವಾರದ ಕೊನೆಗೇ ಇಡುವುದು ಒಳ್ಳೆಯದು. 24ರ ಸಂಜೆ ಸಾಲಿನಲ್ಲಿ ನಿಂತು ಅವಸರದಲ್ಲಿ ಪಾಪ ಒಪ್ಪಿಕೊಂಡವನಿಗೆ, ತಾನು ನೋಯಿಸಿದವರ ಮನೆಗೆ ಹೋಗಿ ಬರಲು ದಿನ ಉಳಿದಿರುವುದಿಲ್ಲ.

ಬೆಂಗಳೂರಿನಂಥ ಊರುಗಳಲ್ಲಿ ಇನ್ನೊಂದು ಬಾಕಿಯಿದೆ. ಒಂದೇ ದೇವಾಲಯದಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳ ಪೂಜೆಗಳು ಒಂದಾದ ಮೇಲೊಂದು ನಡೆಯುತ್ತವೆ. ಏಳು ಗಂಟೆಯ ಪೂಜೆಯವರಿಗೆ ಒಂಬತ್ತು ಗಂಟೆಯ ಪೂಜೆಯವರ ಮುಖ ಪರಿಚಯವೂ ಇರುವುದಿಲ್ಲ. ಆಗಮನ ಕಾಲದ ಒಂದು ಸಂಜೆಯಾದರೂ ಎಲ್ಲ ಭಾಷೆಯವರು ಕೂಡಿ ಪ್ರಾರ್ಥಿಸಲಿ. ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಹಾಡಲಿ, ಮುಗಿದ ಮೇಲೆ ಚಹಾ ಕುಡಿಯುತ್ತ ಹೆಸರು ಕೇಳಿ ತಿಳಿದುಕೊಳ್ಳಲಿ. ಭಾಷೆಯ ಹೆಸರಿನಲ್ಲಿ ಚರ್ಚಿನೊಳಗೆ ಮನಸ್ತಾಪ ಕಂಡಿರುವ ನಾಡಿನಲ್ಲಿ ಇದು ಸಣ್ಣ ಕೆಲಸವಲ್ಲ.

ಓದಿನ ವಿಷಯಕ್ಕೆ ಬಂದರೆ, ಎಲ್ಲರಿಗೂ ಸಾಧ್ಯವಾಗುವ ಒಂದು ಕ್ರಮವಿದೆ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರಂದು ಮುಗಿಯುತ್ತದೆ. ಒಬ್ಬರೇ ಓದುವ ಬದಲು ಮನೆಮಂದಿ ಕೂಡಿ, ಸಾಧ್ಯವಾದರೆ ಅಕ್ಕಪಕ್ಕದ ಎರಡು ಮನೆಯವರು ಸೇರಿ, ದನಿಯೆತ್ತಿ ಓದಬೇಕು. ಮೊದಲ ಅಧ್ಯಾಯವೇ 80 ವಚನಗಳಷ್ಟು ದೊಡ್ಡದು, ಅದನ್ನು ಇಬ್ಬರು ಮೂವರು ಹಂಚಿಕೊಳ್ಳಲಿ. ಕ್ರಿಸ್ಮಸ್ ಹಿಂದಿನ ದಿನ ಪುನರುತ್ಥಾನದ ಅಧ್ಯಾಯ ಓದುವುದು ಹೊಂದುವುದೇ ಎಂದು ಕೇಳುವವರಿದ್ದಾರೆ. ಖಂಡಿತ ಹೊಂದುತ್ತದೆ: ಗೋದಲಿಯಲ್ಲಿ ಮಲಗಿದ ಮಗು ಯಾರೆಂದು ಹೇಳುವುದೇ ಆ ಅಧ್ಯಾಯ. ಓದುತ್ತ ಹೋದಂತೆ ಒಂದು ಅಂಶ ಗಮನಕ್ಕೆ ಬರುತ್ತದೆ. ಲೂಕ ಹೇಳುವ ಕಥೆಯಲ್ಲಿ ಒಬ್ಬರೇ ಕಾದವರು ಕಡಿಮೆ. ದೇವದೂತನ ಮಾತು ಕೇಳಿದ ಮರಿಯ ಮನೆಯಲ್ಲಿ ಕೂರದೆ ಬೆಟ್ಟದ ಸೀಮೆಗೆ ಹೊರಟು ಎಲಿಸಬೇತಳ ಬಳಿ ಸುಮಾರು ಮೂರು ತಿಂಗಳು ಇರುತ್ತಾಳೆ. ಹೆರಿಗೆಗೆ ಕಾಯುವ ವಯಸ್ಸಾದ ಹೆಂಗಸು, ಹೆರಿಗೆಯ ಅನುಭವವೇ ಇಲ್ಲದ ಹುಡುಗಿ, ಮಾತು ನಿಂತುಹೋದ ಜಕರೀಯ: ಮೊದಲ ಆಗಮನ ಕಾಲ ನಡೆದದ್ದು ಆ ಮನೆಯಲ್ಲಿ. ಸಿಮೆಯೋನನೂ ಅನ್ನಳೂ ಕಾದದ್ದು ದೇವಾಲಯದಲ್ಲಿ, ಜನರ ನಡುವೆ. ನಿಮ್ಮ ಬೀದಿಯಲ್ಲಿ ಗರ್ಭಿಣಿಯರಿದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ, ಈ ಓದನ್ನು ಅವರ ಮನೆಯಲ್ಲೇ ಇಟ್ಟುಕೊಳ್ಳಿ.

ಆಗಮನ ಮಾಲೆಯ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಅದನ್ನು ಬಲಿಪೀಠದ ಪಕ್ಕದ ಅಲಂಕಾರವೆಂದು ಮಾತ್ರ ಬಲ್ಲೆವು. ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಲುಥೆರನ್ ಪಾದ್ರಿ ಜರ್ಮನಿಯ ಹ್ಯಾಂಬರ್ಗಿನ ಹೊರಗೆ 1833ರಲ್ಲಿ ಬಡ, ದಿಕ್ಕಿಲ್ಲದ ಮಕ್ಕಳಿಗಾಗಿ ‘ರಾವ್‌ಹೆಸ್ ಹೌಸ್’ ಎಂಬ ಆಶ್ರಯಧಾಮ ತೆರೆದರು. ಕ್ರಿಸ್ಮಸ್ ಯಾವಾಗ ಬರುತ್ತದೆಂದು ಅಲ್ಲಿನ ಮಕ್ಕಳು ದಿನವೂ ಕೇಳುತ್ತಿದ್ದರಂತೆ. 1839ರ ಡಿಸೆಂಬರಿನಲ್ಲಿ ವಿಶೆರ್ನ್ ಹಳೆಯ ಗಾಡಿಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಮೇಣದಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚುತ್ತ ಮಕ್ಕಳ ಜೊತೆ ಪ್ರಾರ್ಥಿಸಿದರು. ಹಸಿರು ಕೊಂಬೆಗಳು ಸೇರಿದ್ದು, ಬತ್ತಿಗಳು ನಾಲ್ಕಕ್ಕೆ ಇಳಿದದ್ದು ಆಮೇಲೆ. ಇಪ್ಪತ್ತನೇ ಶತಮಾನದಲ್ಲಿ ಅದು ಕಥೋಲಿಕ ದೇವಾಲಯಗಳಿಗೂ ಬಂತು. ಹುಟ್ಟಿದ್ದು ಮನೆಯಿಲ್ಲದ ಮಕ್ಕಳಿಗಾಗಿ ಎಂದ ಮೇಲೆ ಅದನ್ನು ಹಚ್ಚುವ ಜಾಗದ ಬಗ್ಗೆ ನಾವು ಮತ್ತೆ ಯೋಚಿಸಬೇಕು. ದೇವಾಲಯದಲ್ಲಿ ಒಂದು ಇರಲಿ. ಜೊತೆಗೆ, ಒಂದೊಂದು ವಾರದ ಬತ್ತಿಯನ್ನು ಒಂದೊಂದು ಕಡೆ ಹಚ್ಚಬಹುದು: ಹಾಸ್ಟೆಲಿನಲ್ಲಿ, ವೃದ್ಧಾಶ್ರಮದಲ್ಲಿ, ಊರು ಬಿಟ್ಟು ಬಂದ ನರ್ಸುಗಳೂ ಕಾರ್ಮಿಕರೂ ಇರುವ ಬಾಡಿಗೆ ಕೋಣೆಗಳಲ್ಲಿ. ಪೈನ್ ಕೊಂಬೆಗಾಗಿ, ಪ್ಲಾಸ್ಟಿಕ್ ಎಲೆಗಾಗಿ ದುಡ್ಡು ಹಾಕುವುದು ಬೇಡ. ಮಾವಿನ ಸೊಪ್ಪು ಸಾಕು.

ಯೋಹಾನನ ಮಾತಿಗೆ ಮರಳಿದರೆ, ಅವನು ದಾನದ ಜೊತೆಗೇ ಕೂಲಿಯ, ವಸೂಲಿಯ ಮಾತೆತ್ತಿದ್ದಾನೆ. ನಾವು ದಾನವನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದೇವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೊಯ್ಲು ನಡೆಯುವುದು ಸರಿಯಾಗಿ ಈ ವಾರಗಳಲ್ಲೇ. ತೋಟದ ಯಜಮಾನರೂ ಕೂಲಿಯವರೂ ಒಂದೇ ದೇವಾಲಯದ ಬೆಂಚುಗಳಲ್ಲಿ ಕೂರುವ ಊರುಗಳಿವೆ. ಅಲ್ಲಿ ಹಬ್ಬದೊಳಗೆ ಬಾಕಿ ಕೂಲಿ ಪೂರ್ತಿ ಚುಕ್ತಾ ಮಾಡುವುದೇ ಆಗಮನ ಕಾಲದ ಮೊದಲ ಭಕ್ತಿ. ಪಟ್ಟಣದಲ್ಲಿ ಮನೆಗೆಲಸದವರ ಸಂಬಳ, ಡ್ರೈವರನ ಓವರ್‌ಟೈಮ್, ಅಂಗಡಿಯ ಉದ್ರಿ, ಬಾಡಿಗೆದಾರರಿಗೆ ಹಿಂತಿರುಗಿಸದ ಮುಂಗಡ ಇವನ್ನೂ ಇದೇ ಸಾಲಿಗೆ ಸೇರಿಸಬೇಕು. ಇವು ತೀರಿದ ಮೇಲೆ ದಾನ. ಫ್ರೆಡ್ರಿಕ್ ಓಜಾನಾಂ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಘಟಕಗಳು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿವೆ. ಬಡವರ ಮನೆಗೆ ತಾವೇ ಹೋಗಿ ಕಂಡು ಬರುವುದು ಅವರ ಮೂಲ ಕ್ರಮ. ಯಾವ ಮನೆಯಲ್ಲಿ ಏನು ಕೊರತೆಯಿದೆ ಎಂದು ಅವರನ್ನು ಕೇಳಿ, ಮೂರನೇ ವಾರದೊಳಗೆ ಮುಟ್ಟಿಸಿ. ಹಬ್ಬದ ದಿನ ಕೊಟ್ಟ ಬಟ್ಟೆ ಹಬ್ಬಕ್ಕೆ ಹೊಲಿಸಿಕೊಳ್ಳಲು ಬಾರದು. ಕೊಡುವಾಗ ಫೋಟೊ ತೆಗೆಯಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪಡೆದವರು ಮರುದಿನ ಅದೇ ಗುಂಪಿನಲ್ಲಿ ಶುಭಾಶಯ ಓದಬೇಕಾದವರು.

ಇಷ್ಟಕ್ಕೆಲ್ಲ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಆಗಮನ ಕಾಲ ಬೈಬಲ್ಲಿನಲ್ಲೇ ಇಲ್ಲ, ಮನುಷ್ಯರು ಕಟ್ಟಿದ್ದು ಎಂದು ಕೆಲವು ಪ್ರೊಟೆಸ್ಟೆಂಟ್ ಸಭೆಗಳವರು ಹೇಳುತ್ತಾರೆ. ನಿಜ. ಡಿಸೆಂಬರ್ 25 ಎಂಬ ತಾರೀಕೂ ಬೈಬಲ್ಲಿನಲ್ಲಿಲ್ಲ. ನಮಗೆ ಸಿಕ್ಕಿರುವ ಹಳೆಯ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಪಂಚಾಂಗವೊಂದರದು. ಹಬ್ಬವನ್ನು ಒಪ್ಪಿ ಸಿದ್ಧತೆಯನ್ನು ಮಾತ್ರ ಬೈಬಲ್ಲಿನ ಹೆಸರಿನಲ್ಲಿ ಬಿಡುವುದು ನ್ಯಾಯವಲ್ಲ. ಎರಡನ್ನೂ ಆಚರಿಸದ ಸಭೆಗಳಿಗೆ ಈ ಮಾತು ತಟ್ಟುವುದಿಲ್ಲ. ಆದರೆ ಪಶ್ಚಾತ್ತಾಪ, ರಾಜಿ, ಹಂಚಿಕೆ ಇವು ನಿಸ್ಸಂದೇಹವಾಗಿ ಬೈಬಲ್ಲಿನವೇ, ಅವಕ್ಕೊಂದು ಕಾಲ ಗೊತ್ತುಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ. ಇನ್ನು ಕೆಲವರ ಆತಂಕ, ಇಷ್ಟೊಂದು ಗಂಭೀರವಾದರೆ ಹಬ್ಬದ ಸಂತೋಷ ಬತ್ತೀತು ಎಂಬುದು. ಆಗಮನ ಕಾಲ ತಪಸ್ಸುಕಾಲದ ಇನ್ನೊಂದು ರೂಪವಲ್ಲ. 1969ರಲ್ಲಿ ಪ್ರಕಟವಾದ ಕಥೋಲಿಕ ಪಂಚಾಂಗದ ನಿಯಮಗಳು ಅದನ್ನು ಭಕ್ತಿಯಿಂದ, ಸಂತೋಷದಿಂದ ಎದುರುನೋಡುವ ಕಾಲವೆಂದೇ ವಿವರಿಸುತ್ತವೆ. ನೇರಳೆ ಬಣ್ಣದ ನಡುವೆ ಮೂರನೇ ಭಾನುವಾರ ಗುಲಾಬಿ ಬಣ್ಣ ಬರುವುದೂ ಇದೇ ಸಂತೋಷಕ್ಕಾಗಿ. ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ ಮಾಡುವುದನ್ನು ನಿಲ್ಲಿಸಿ ಎಂದೂ ಯಾರೂ ಹೇಳುತ್ತಿಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ಮಾಡಲು ನಾಲ್ಕು ಕೈ ಬೇಕೇ ಬೇಕು. ಒಂಟಿಯಾಗಿರುವ ನೆರೆಯ ಅಜ್ಜಿಯನ್ನು ಆ ಕೆಲಸಕ್ಕೆ ಕರೆದರೆ ಅಡುಗೆಮನೆಯೂ ಸಿದ್ಧತೆಯ ಜಾಗವೇ. ಕರಿದದ್ದನ್ನು ಡಬ್ಬಿಗೆ ತುಂಬಿ ಹಬ್ಬದವರೆಗೆ ತೆರೆಯದಿರುವುದು ಮಕ್ಕಳಿಗೂ ಸಾಧ್ಯವಾಗುವ ಉಪವಾಸ.

ದುಡಿಯುವವರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಗಾರ್ಮೆಂಟ್ಸಿನಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಕಾಫಿ ಕೊಯ್ಲಿನಲ್ಲಿ ಇರುವವರಿಗೆ ಸಂಜೆ ಆರರ ಪ್ರಾರ್ಥನೆ ಇಟ್ಟು ಬರಲಿಲ್ಲವೆಂದು ದೂರುವುದು ಸಲ್ಲದು. ಬೇರೆ ನಾಡುಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಫಿಲಿಪೀನ್ಸಿನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಬಲಿಪೂಜೆ ನಡೆಯುತ್ತದೆ. ಹೊಲಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು ಬೆಳೆದ ಪದ್ಧತಿಯದು. ಪೋಲೆಂಡ್, ಆಸ್ಟ್ರಿಯಾಗಳಲ್ಲೂ ಆಗಮನ ಕಾಲದ ನಸುಕಿನ ಪೂಜೆ ಮೇಣದಬತ್ತಿಯ ಬೆಳಕಿನಲ್ಲಿ ನಡೆಯುತ್ತದೆ. ನಮ್ಮಲ್ಲೂ 17ರಿಂದ 24ರವರೆಗಿನ ದಿನಗಳಲ್ಲಿ ಬೆಳಿಗ್ಗೆ ಐದೂವರೆಗೆ ಇಪ್ಪತ್ತು ನಿಮಿಷದ ಪ್ರಾರ್ಥನೆಯನ್ನೋ ಪೂಜೆಯನ್ನೋ ಇಡಬಹುದು. ಅದೂ ಆಗದವರಿಗೆ ಮನೆಯ ಓದು ಇದ್ದೇ ಇದೆ. ವೈಯಕ್ತಿಕ ಧ್ಯಾನಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಿದರೆ, ಇದೆ. ಮರಿಯಳು ಎಲ್ಲವನ್ನೂ ಮನಸ್ಸಿನಲ್ಲಿಟ್ಟು ಯೋಚಿಸಿದ್ದನ್ನು ಲೂಕನೇ ಬರೆದಿದ್ದಾನೆ. ಆದರೆ ಅವಳು ಹಾಗೆ ಯೋಚಿಸಿದ್ದು ಕುರುಬರು ಬಂದು ಹೇಳಿದ ಮಾತನ್ನು. ಹೊಲದಲ್ಲಿ ರಾತ್ರಿ ಕಾವಲಿದ್ದ ಕೆಲಸಗಾರರ ಬಾಯಿಂದಲೇ ಆ ಸುದ್ದಿ ಅವಳಿದ್ದಲ್ಲಿಗೆ ಬಂತು.

ಒಂದೇ ವರ್ಷದಲ್ಲಿ ಇದೆಲ್ಲವನ್ನೂ ಮಾಡಲು ಹೊರಟರೆ ಇದೂ ಇನ್ನೊಂದು ಕಾರ್ಯಕ್ರಮಗಳ ಪಟ್ಟಿಯಾಗಿಬಿಡುತ್ತದೆ. ಮೊದಲ ವರ್ಷ ರಾಜಿಯ ಕೆಲಸ ಮತ್ತು ಲೂಕನ ಓದು, ಇವೆರಡನ್ನೇ ಹಿಡಿಯಿರಿ. ಬಾಕಿ ಕೂಲಿಯ ಮಾತನ್ನು ಮಾತ್ರ ಯಾವ ವರ್ಷಕ್ಕೂ ಮುಂದೂಡಬೇಡಿ. 2026ರಲ್ಲಿ ಮೊದಲ ಆಗಮನ ಭಾನುವಾರ ನವೆಂಬರ್ 29ಕ್ಕೆ, 2027ರಲ್ಲಿ ನವೆಂಬರ್ 28ಕ್ಕೆ ಬರುತ್ತದೆ. ಅದಕ್ಕೆ ಎರಡು ವಾರ ಮೊದಲಿನ ಸಮಿತಿ ಮೀಟಿಂಗಿನಲ್ಲಿ ಈ ವಿಷಯವನ್ನು ಎತ್ತಿ.